ಕೊಬ್ಬರಿ ನಾಡಿನವನು ಕಸಕ್ಕೆ ಹಾಕಿದ ನಕ್ಷತ್ರ

ಮೊದಲೇ ಹೇಳಿಬಿಡುತ್ತೇನೆ: ಆ ನಕ್ಷತ್ರವನ್ನು ಕಸಕ್ಕೆ ಹಾಕಿದವನು ನಾನು. ಸುಮ್ಮನೆ ಹಾಕಲಿಲ್ಲ, ಹತ್ತು ಜನರನ್ನು ನಗಿಸಿ ಹಾಕಿದೆ. ಊರಿಗೆ ಬಂದಾಗಲೆಲ್ಲ ತಿಪಟೂರು ಬಸ್ ಸ್ಟಾಂಡಿನಲ್ಲಿ ಸಿಕ್ಕವರು ಕೇಳುವುದು ಒಂದೇ ಮಾತು, “ಅಷ್ಟು ದೂರ ಹೋಗಿ ಏನಾರಾ ಕಂಡುಹಿಡಿದ್ಯೇನ್ಲಾ ಜುಂಜ?” ಅಂತ. ಕೈಗೆ ಬಂದದ್ದನ್ನು ಎಸೆದು ಬಂದೆ ಎನ್ನಲು ಬಾಯಿ ಬಾರದೆ, ಕಂಡಕ್ಟರನ ದನಿಯಲ್ಲಿ “ಹುಳಿಯಾರ್ ಹುಳಿಯಾರ್, ಯಾರ್ರೀ ಹುಳಿಯಾರ್” ಎಂದು ಮೂಗಿನಿಂದ ಕೂಗುತ್ತೇನೆ. ಅವರು ನಗುತ್ತಾರೆ. ನಕ್ಕವರು ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನನ್ನ ಬದುಕು ನಿಂತಿರುವುದೇ ಈ ಒಂದು ಉಪಾಯದ ಮೇಲೆ.

ಹೆಸರು ಜುಂಜಣ್ಣ. ಹಂದನಕೆರೆ ಕಡೆಯ ಒಂದು ಹಟ್ಟಿಯವನು. ಕುರಿ ಕಾಯುವವರ ಮನೆತನ, ಆದರೆ ಕುರಿಗಳಿಗೂ ನನಗೂ ಹೊಂದಿಕೆಯಾಗಲಿಲ್ಲ. ನಾನು ಅವುಗಳ ಹಾಗೆ ಅರಚಿದರೆ ಮಂದೆ ದಾರಿ ತಪ್ಪುತ್ತಿತ್ತು. ಬಿ.ಎಸ್ಸಿ. ಓದುವಾಗ ಮೇಷ್ಟರುಗಳನ್ನು ಅಣಕಿಸಿದೆ, ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯ ಸೈರನ್ ಅಣಕಿಸಿದೆ, ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬನನ್ನು ಅವನೆದುರಿಗೇ ಅಣಕಿಸಿ ಜಾತಿ ಪ್ರಮಾಣಪತ್ರಕ್ಕೆ ಎರಡು ತಿಂಗಳು ಅಲೆದೆ. ಅದಾದ ಮೇಲೆ ಹೇಗೋ ಮರಾಠಿ ನಾಡಿನ ಒಂದು ರೇಡಿಯೋ ದೂರದರ್ಶಕದಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಕರಾರಿನ ಮೇಲಿನ ಕೆಲಸ. ಪ್ರತಿ ವರ್ಷ ಬೇಕೆನಿಸಿದರೆ ಮುಂದುವರಿಸುವುದು, ಬೇಡವೆನಿಸಿದರೆ ಟಾಟಾ.

ಅಲ್ಲಿ ಇಳಿದದ್ದು ಎರಡು ಸಾವಿರದ ಮೂರರ ಬೇಸಿಗೆಯಲ್ಲಿ, ಮಟಮಟ ಮಧ್ಯಾಹ್ನ. ಸುತ್ತ ಈರುಳ್ಳಿ ಹೊಲ, ದೂರದಲ್ಲಿ ಬೋಳು ಗುಡ್ಡ, ಒಂದು ತೆಂಗಿನಮರವಿಲ್ಲ. ಬಯಲಿನ ತುಂಬ ಕಂಬಿ ಜಾಲರಿಯ ದೊಡ್ಡ ದೊಡ್ಡ ತಟ್ಟೆಗಳು ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದವು. ಒಂದೊಂದರಲ್ಲೂ ನಮ್ಮ ಹಟ್ಟಿಯವರೆಲ್ಲ ಕೂತು ಊಟ ಮಾಡಬಹುದು. ನಾನು ನೋಡುತ್ತಿದ್ದಂತೆ ಅಷ್ಟೂ ತಟ್ಟೆಗಳು ಸಣ್ಣಗೆ ಗುಂಯ್‌ಗುಟ್ಟುತ್ತ ಒಟ್ಟಿಗೆ ಕತ್ತು ತಿರುಗಿಸಿದವು. ತಿರುಗಿದ ಕಡೆ ಬಿಸಿಲು ಬಿಟ್ಟು ಏನೂ ಇರಲಿಲ್ಲ. ಬೆದರಿ ಹಿಂದೆ ಸರಿದು ಮೋರಿಗೆ ಕಾಲು ಹಾಕಿದೆ. ಅವು ನಕ್ಷತ್ರ ಕೇಳುತ್ತಿವೆ ಎಂದು ಗೇಟಿನ ಕಾವಲುಗಾರ ಕೈಸನ್ನೆಯಲ್ಲಿ ಹೇಳಿದ. ರೇಡಿಯೋ ಅಲೆಗೆ ಹಗಲೂ ಒಂದೇ ಇರುಳೂ ಒಂದೇ ಎಂದು ಪುಸ್ತಕದಲ್ಲಿ ಓದಿ ನಂಬರು ತೆಗೆದುಕೊಂಡಿದ್ದವನೇ ನಾನು. ಆದರೂ ಬೂಟಿನ ತುಂಬ ಕೆಸರು ಹೊತ್ತು ಆ ಖಾಲಿ ಬಿಸಿಲನ್ನು ನೋಡುತ್ತ ನಿಂತಾಗ, ಇವರೆಲ್ಲ ಸೇರಿ ನನ್ನನ್ನೇ ಅಣಕಿಸುತ್ತಿದ್ದಾರೆ ಅನ್ನಿಸಿತು.

ವಾಸಕ್ಕೆ ಸಿಕ್ಕಿದ್ದು ಹಳ್ಳಿಯಲ್ಲೊಂದು ಖೋಲಿ. ಖೋಲಿ ಎಂದರೆ ಅವರ ಮಾತಿನಲ್ಲಿ ಕೋಣೆ. ನಮ್ಮಲ್ಲಿ ಕೋಣೆ ಎಂದರೆ ಅದರ ಸುತ್ತ ಒಂದು ಮನೆ ಇರುತ್ತದೆ. ಅಲ್ಲಿ ಕೋಣೆಯೇ ಮನೆ, ಮೇಲೆ ತಗಡು. ಒಡತಿಯನ್ನು ಎಲ್ಲರೂ ಆಜಿ ಎನ್ನುತ್ತಿದ್ದರು, ಅಂದರೆ ಅಜ್ಜಿ. ಆಕೆಯ ಪಾಲಿಗೆ ದಕ್ಷಿಣದವರೆಲ್ಲ ಮದ್ರಾಸಿಗಳು. ನಾನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಭೂಪಟ ಬರೆದು, ಇದು ಮದ್ರಾಸು, ಇದು ಕರ್ನಾಟಕ, ಈ ಚುಕ್ಕೆ ನಾನು ಎಂದು ತಿಳಿಸಿಕೊಟ್ಟೆ. ಶ್ರದ್ಧೆಯಿಂದ ಕೇಳಿಸಿಕೊಂಡು, ಪಕ್ಕದ ಮನೆಯವಳಿಗೆ ಹೊಸ ಮದ್ರಾಸಿ ಬಂದಿದ್ದಾನೆ, ಗೋಡೆ ನೆಲ ಗೀಚುತ್ತಾನೆ ಎಂದು ದೂರು ಹೇಳಿದಳಂತೆ. ನನ್ನ ಹೆಸರು ಕೇಳಿ ಕಚೇರಿಯವರಿಗೆ ಇನ್ನಷ್ಟು ಖುಷಿ. ಅವರಲ್ಲಿ ಝುಂಜ್ ಎಂದರೆ ಜಗಳವಂತೆ. ಹಟ್ಟಿಯವರು ದೇವರ ಹೆಸರಿಟ್ಟು ಕಳಿಸಿದವನನ್ನು ಒಂದೇ ವಾರದಲ್ಲಿ ಕೋಳಿ ಅಂಕದ ಹುಂಜ ಮಾಡಿದರು.

ಊಟದ ಮಾತು ಕೇಳಬೇಡಿ. ನಾವು ಮುದ್ದೆ ನುಂಗುವವರು. ಅಗಿದರೆ ಮನೆಯ ಹಿರಿಯರು ಮುಖ ಮುಖ ನೋಡುತ್ತಾರೆ. ಅಲ್ಲಿ ಸಜ್ಜೆಯ ಭಾಕರಿ, ಅಂದರೆ ದಪ್ಪ ರೊಟ್ಟಿ. ಅದನ್ನು ಅಗಿಯದೆ ನುಂಗಿದರೆ ನೇರ ಆಸ್ಪತ್ರೆ. ಮೊದಲ ವಾರ ನನ್ನ ದವಡೆ ನೋಯುತ್ತಿತ್ತು, ಅಣಕ ಮಾಡುವುದಕ್ಕೂ ಆಗುತ್ತಿರಲಿಲ್ಲ. ನನ್ನ ಆಯುಷ್ಯದಲ್ಲಿ ಅಷ್ಟು ಮರ್ಯಾದಸ್ಥನಾಗಿ ಎಂದೂ ಇರಲಿಲ್ಲ. ಒಂದು ದಿನ ದಿನಸಿ ಅಂಗಡಿಯಲ್ಲಿ ಒಣಕೊಬ್ಬರಿಯ ಬಟ್ಟಲುಗಳು ಗೋಪುರದಂತೆ ಜೋಡಿಸಿಟ್ಟಿದ್ದು ಕಂಡಿತು. ಅಲ್ಲಿಯವರ ಮಸಾಲೆಗೆ ಅದು ಬೇಕೇ ಬೇಕು. ಎಲ್ಲಿಯದು ಎಂದರೆ ಅಂಗಡಿಯವನು ಎದೆ ಉಬ್ಬಿಸಿ “ತಿಪಟೂರ್” ಎಂದ. ನಾನೂ ಅಲ್ಲಿಯವನೇ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಸರಕು ಮಾತ್ರ ಒಳ್ಳೆಯದು ಬರುತ್ತದೆ ಎನ್ನುವಂತೆ ತಲೆಯಾಡಿಸಿದ. ಒಂದು ಬಟ್ಟಲು ಕೊಂಡು ಖೋಲಿಗೆ ಬಂದು ಬಾಗಿಲು ಹಾಕಿಕೊಂಡು ಮೂಸಿದೆ. ನನಗಿಂತ ಮೊದಲೇ ಬಂದು, ನನಗಿಂತ ಚೆನ್ನಾಗಿ ನೆಲೆಯೂರಿದ್ದ ನಮ್ಮ ಕಡೆಯವರೆಂದರೆ ಆ ಕೊಬ್ಬರಿಯೊಂದೇ.

ಇನ್ನು ಕೆಲಸ. ದೊಡ್ಡ ನಕ್ಷತ್ರ ಸತ್ತಾಗ ಅದರ ಗಟ್ಟಿ ತಿರುಳೊಂದು ಉಳಿದು ಬುಗುರಿಯಂತೆ ತಿರುಗುತ್ತದೆ. ತಿರುಗುತ್ತ ರೇಡಿಯೋ ಅಲೆಯ ಒಂದು ಕೋಲನ್ನು ಸುತ್ತ ಬೀಸುತ್ತದೆ. ಪೊಲೀಸ್ ಜೀಪಿನ ಮೇಲಿನ ಕೆಂಪು ದೀಪ ಸುತ್ತಿಗೊಮ್ಮೆ ನಮ್ಮ ಮುಖಕ್ಕೆ ಬಡಿಯುತ್ತದಲ್ಲ, ಹಾಗೆ. ಅದಕ್ಕೆ ಪಲ್ಸಾರ್ ಎನ್ನುತ್ತಾರೆ. ಆಕಾಶದಲ್ಲಿ ಕೆಲವು ಕಡೆ ಲಕ್ಷಾಂತರ ಮುದಿ ನಕ್ಷತ್ರಗಳು ಉಂಡೆ ಕಟ್ಟಿದಂತೆ ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ಆ ಗುಚ್ಛಗಳ ಒಳಗೆ ಪಲ್ಸಾರ್‌ಗಳು ಅಡಗಿರುತ್ತವೆ. ಕೆಲವು ಸೆಕೆಂಡಿಗೆ ನೂರಾರು ಸುತ್ತು ತಿರುಗುವಂಥವು. ಆ ದಟ್ಟಣೆಯಲ್ಲಿ ಬಹಳ ಪಲ್ಸಾರ್‌ಗಳಿಗೆ ಇನ್ನೊಂದು ನಕ್ಷತ್ರ ಜೊತೆಯಾಗಿ ಗಂಟುಬಿದ್ದಿರುತ್ತದೆ. ಈ ಸದ್ದು ಎಷ್ಟು ಸಣ್ಣದೆಂದರೆ, ಹತ್ತು ಮೈಲಿ ಆಚೆಯ ಹಳ್ಳಿಯಲ್ಲಿ ಒಬ್ಬ ವೆಲ್ಡಿಂಗ್ ಮಾಡಿದರೆ ಸಾಕು, ಅದು ಮುಳುಗಿಹೋಗುತ್ತದೆ. ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಕಿಡಿ ಹಾರಿಸಿದರೆ ಅದೇ ಹೊಸ ನಕ್ಷತ್ರದ ವೇಷ ಹಾಕಿಕೊಂಡು ಬರುತ್ತದೆ.

ಕಂಪ್ಯೂಟರು ದಿನವಿಡೀ ಜರಡಿ ಹಿಡಿದು, ಇದಿರಬಹುದು, ಅದಿರಬಹುದು ಎಂದು ರಾಶಿ ಗುಮಾನಿಗಳನ್ನು ಸುರಿಯುತ್ತಿತ್ತು. ಆ ರಾಶಿಯ ಮುಂದೆ ಕೂತು, ಕಾಳು ಯಾವುದು ಕಸ ಯಾವುದು ಎಂದು ಮೊದಲ ಸುತ್ತು ಆರಿಸುವವನು ನಾನು. ಕಾಳೆಂದು ನಾನು ಬಿಟ್ಟದ್ದನ್ನು ಮಾತ್ರ ದೊಡ್ಡವರು ನೋಡುತ್ತಿದ್ದರು.

ಈ ಕೆಲಸ ನನಗೆ ಹೊಸದಲ್ಲ ಎಂದು ನಾನು ಜಂಬ ಕೊಚ್ಚಿದ್ದೆ. ನಮ್ಮ ಚಿಕ್ಕಣ್ಣ ಮಾವ, ಅಂದರೆ ಅಮ್ಮನ ತಮ್ಮ, ಊರಿನ ಮಂಡಿಯವರ ಅಟ್ಟಗಳಲ್ಲಿ ಕೊಬ್ಬರಿಕಾಯಿ ಆರಿಸುವವನು. ಬೇರೆ ಕಡೆಯವರಿಗೆ ಹೇಳುವುದಾದರೆ, ಬಲಿತ ತೆಂಗಿನಕಾಯಿಯನ್ನು ನಾವು ಅಟ್ಟದಲ್ಲಿ ಒಂದು ವರ್ಷದ ಹತ್ತಿರ ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಒಡೆದು ನೋಡುವ ಹಾಗಿಲ್ಲ, ಸದ್ದೇ ಸಾಕ್ಷಿ. ನನಗೂ ಮಾವ ರಜೆಯಲ್ಲಿ ಇದನ್ನು ಕಲಿಸಿದ್ದ. ಬಿಟ್ಟುಕೊಂಡ ಕೊಬ್ಬರಿ ಯಾವಾಗ ಅಲ್ಲಾಡಿಸಿದರೂ ಸದ್ದು ಮಾಡಬೇಕು. ಈಗ ಸದ್ದು ಮಾಡಿ ಮತ್ತೆ ಮಾಡದಿದ್ದರೆ ಒಳಗೆ ಕೊಳೆತು ಚಿಪ್ಪಿಗೆ ಅಂಟುತ್ತಿದೆ ಎಂದೇ ಅರ್ಥ. “ಒಂದ್ಸಲ ಅಂದು ಸುಮ್ಕಾಯ್ತಾ, ಬೂಷ್ಟು ಹಿಡಿದದೆ ಕಣ್ಲಾ. ಅತ್ಲಾಗೆ ಎಸಿ, ಪಕ್ಕದ್ದಕ್ಕೂ ಹತ್ತುತ್ತೆ” ಎನ್ನುತ್ತಿದ್ದ. ಕಾಯಿಯ ವಿಷಯದಲ್ಲಿ ಅವನ ಮಾತು ಒಮ್ಮೆಯೂ ಸುಳ್ಳಾಗಿದ್ದನ್ನು ನಾನು ಕಾಣೆ. ಅದೇ ನನ್ನ ಗ್ರಹಚಾರ.

ಭಾಷೆ ಬಾರದವನ ಒಂಟಿತನ ಎಂಥದ್ದೆಂದು ಊರಿನಲ್ಲಿರುವವರಿಗೆ ಹೇಳಿದರೆ ತಿಳಿಯದು. ಮಾತಿಲ್ಲ ಎನ್ನುವುದಲ್ಲ, ಸುತ್ತ ಮಾತೋ ಮಾತು, ಅದರಲ್ಲಿ ನಾನಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕಾಗ ಅರೆಗಳಿಗೆ ತಡವಾಗಿ ನಗುತ್ತಿದ್ದೆ. ಹೀಗಿರುವಾಗ ಒಂದು ದಿನ ಎದುರಿಗೆ ತಟ್ಟೆ ಇಟ್ಟು ಕೂತ ಹೆಂಗಸೊಬ್ಬಳು ಕನ್ನಡದಲ್ಲಿ ಕೇಳಿದಳು, “ತಮ್ಮಾ, ಹಿಂಗ ಒಬ್ನ ಕುಂತು ಉಂಡ್ರ ಅನ್ನ ಮೈಗೆ ಹತ್ತಂಗಿಲ್ಲ. ಯಾವ ಊರಪಾ ನಿಂದು?” ಬಾಯಲ್ಲಿದ್ದ ಭಾಕರಿ ಅಗಿಯದೆ ನುಂಗಿಬಿಟ್ಟೆ.

ಅವಳು ಮಹಾನಂದಾ. ಸೊಲ್ಲಾಪುರದವಳು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಓದಿನಲ್ಲಿ ಇಂಗ್ಲಿಷ್. ನನಗಿಂತ ಸ್ವಲ್ಪ ದೊಡ್ಡವಳು, ನಮ್ಮ ಗುಂಪಿನಲ್ಲೇ ಪಿಎಚ್.ಡಿ. ಮಾಡುತ್ತಿದ್ದಳು. ನಾನು ನಂದಕ್ಕ ಎನ್ನತೊಡಗಿದೆ. ಅಡುಗೆಗೆ ಸ್ಟವ್ ಕೊಡಿಸಿದವಳು ಅವಳು. ಆಜಿಗೆ ನಾನು ಮದ್ರಾಸಿಯಲ್ಲ ಎಂದು ಕೊನೆಗೂ ಮನವರಿಕೆ ಮಾಡಿದವಳು ಅವಳು. ಆಜಿ ಆಮೇಲೆ ನನ್ನನ್ನು ಸೊಲ್ಲಾಪುರದವನು ಎಂದುಕೊಂಡಳು, ಇರಲಿ. ಮರಾಠಿಯನ್ನೂ ನಂದಕ್ಕನೇ ಕಲಿಸಿದಳು. ಅವಳ ಕನ್ನಡ ನನಗೆ ನಗೆ, ನನ್ನ ಕನ್ನಡ ಅವಳಿಗೆ ನಗೆ. “ಬತ್ತೀನಿ, ಓಯ್ತೀನಿ, ಇದೇನು ಮಾತೋ, ನಾಲಿಗಿಗೆ ಎಲುಬಿಲ್ಲೇನು ನಿಮ್ಮ ಕಡೆ?” ಎನ್ನುತ್ತಿದ್ದಳು.

ಅವಳ ಓದು ಒಂದೇ ಗುಚ್ಛದ ಮೇಲೆ ನಿಂತಿತ್ತು. ಅದರೊಳಗೆ ಒಂದಾದರೂ ಹೊಸ ಪಲ್ಸಾರ್ ಸಿಕ್ಕರೆ ಪ್ರಬಂಧಕ್ಕೆ ಜೀವ ಬರುತ್ತಿತ್ತು. ಸಿಗದಿದ್ದರೆ ಹುಡುಕಿದೆ, ಕಾಣಲಿಲ್ಲ ಎಂದು ಬರೆಯಬೇಕು. ವಿದ್ಯಾರ್ಥಿವೇತನದ ಅವಧಿ ಮುಗಿಯುತ್ತ ಬಂದಿತ್ತು. ಮನೆಯವರು ಮದುವೆಯ ಮಾತನ್ನು ಅಷ್ಟು ಕಾಲ ತಡೆದಿಟ್ಟಿದ್ದೇ ಹೆಚ್ಚು. ಇದನ್ನೆಲ್ಲ ಅವಳು ಅಳುತ್ತ ಹೇಳಿದವಳಲ್ಲ. ಬಸ್ಸಿನ ವೇಳೆ ಹೇಳುವಂತೆ ಹೇಳಿದ್ದಳು.

ಅಷ್ಟರಲ್ಲಿ ನನಗೂ ಒಂದು ಗೆಲುವು ಸಿಕ್ಕಿತ್ತು. ಮರಾಠಿ ಅರ್ಧ ಬಂದ ಕೂಡಲೇ ಗೇಟಿನ ಕಾವಲುಗಾರನನ್ನು ಕ್ಯಾಂಟೀನಿನಲ್ಲಿ ಅಣಕಿಸಿ ತೋರಿಸಿದೆ. ಜನ ತಟ್ಟೆ ಬಿಟ್ಟು ನಕ್ಕರು. ಮರುದಿನ ಇಬ್ಬರು ನನ್ನ ಮೇಜಿಗೇ ಬಂದು ಕೂತರು. ವಾರ ಕಳೆಯುವುದರಲ್ಲಿ ನನಗೆ ಕುರ್ಚಿ ಕಾಯ್ದಿರಿಸುತ್ತಿದ್ದರು. ನಮ್ಮ ಗುಂಪಿನ ಹಿರಿಯ ವಿಜ್ಞಾನಿಯನ್ನು ಇಲ್ಲಿ ದೊಡ್ಡ ಸರ್ ಎನ್ನುತ್ತೇನೆ, ಹೆಸರು ಬೇಡ. ಅವರನ್ನೂ ಅವರೆದುರು ಅಣಕಿಸಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಊರಿನಲ್ಲಾದರೆ ಇದು ಪೋಲಿತನ. ಅಲ್ಲಿ ಅದೇ ನನ್ನ ರೇಷನ್ ಕಾರ್ಡು.

ಆ ಗುಮಾನಿ ನನ್ನ ಮುಂದೆ ಬಂದದ್ದು ಒಂದು ಬೆಳಗ್ಗೆ. ನಂದಕ್ಕನ ಗುಚ್ಛವನ್ನು ತಟ್ಟೆಗಳು ಹಿಂದಿನ ಮಧ್ಯಾಹ್ನವಿಡೀ ಕೇಳಿದ್ದವು. ಮೊದಲ ಭಾಗದಲ್ಲಿ ಮಿಡಿತ ಚೊಕ್ಕವಾಗಿತ್ತು. ಮುಂದಿನ ಭಾಗದಲ್ಲಿ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಒಂದು ಸಲ ಅಂದು ಸುಮ್ಮನಾಗಿತ್ತು. ನನ್ನ ಕೈ ಯೋಚಿಸಲೂ ಇಲ್ಲ, ಕಸಕ್ಕೆ ಹಾಕಿತು. ಅಷ್ಟೇ ಆಗಿದ್ದರೆ ಅದು ಕೈಯ ತಪ್ಪು ಎನ್ನಬಹುದಿತ್ತು. ನಂದಕ್ಕ ಕಸವನ್ನೂ ನೋಡುವ ಜಾತಿ. ಮಧ್ಯಾಹ್ನ ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಇದನ್ನು ಯಾಕೆ ತೆಗೆದೆ ಎಂದಳು. ನಾನು ಮಾವನ ಕಾನೂನು ಹೇಳಿದೆ. ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು: “ಇದಕ್ಕೊಂದು ಜೋಡಿ ಇದ್ದೀತು ತಮ್ಮಾ. ಆ ಜೋಡಿ ನಡು ಬಂದು ಅಡ್ಡ ನಿಂತಾಗ ದನಿ ಮುಚ್ಚಿ ಹೋಗ್ತದ. ಅದು ಸರಿದ ಮ್ಯಾಲ ಮತ್ತ ಬರ್ತದ. ಬ್ಯಾರೆ ಹೊತ್ತಿನಾಗ ಇನ್ನೊಂದ್ಸಲ ಕೇಳೂಣು, ಅಷ್ಟ.”

ನಾನು ಏನು ಹೇಳಬೇಕಿತ್ತು? ಆಗಲಿ ಅಕ್ಕ, ಕಾಳಿನ ಕಡೆ ಹಾಕುತ್ತೇನೆ ಎಂದರೆ ಮುಗಿಯುತ್ತಿತ್ತು. ಆದರೆ ವಾರದ ಹಿಂದೆ ಒಂದು ಬೋರ್‌ವೆಲ್ ಮೋಟರನ್ನು ನಕ್ಷತ್ರವೆಂದು ಮುಂದೆ ಕಳಿಸಿ ಬೈಸಿಕೊಂಡಿದ್ದೆ. ಮತ್ತೊಂದು ಅವಮಾನ ಆಗುವುದಾದರೆ ಅದು ಬೇರೆಯವರದಾಗಲಿ ಎಂಬ ಸಣ್ಣ ಬುದ್ಧಿಯಿಂದ ಅದನ್ನು ಕಸದಲ್ಲೇ ಬಿಟ್ಟೆ. ಅಂದು ಸಂಜೆ ಚಹಾದ ಹೊತ್ತಿಗೆ ಎಲ್ಲರೂ ಕೂತಿದ್ದರು, ದೊಡ್ಡ ಸರ್ ಕೂಡ. ನಂದಕ್ಕ ಇರಲಿಲ್ಲ. ಯಾರೋ ಇವತ್ತು ಏನು ಹೊಸದು ಎಂದರು. ನಾನು ಎದ್ದು ನಿಂತು ನಂದಕ್ಕನಾದೆ. ಅವಳು ಮಾತಿಗೆ ಮೊದಲು ಉಸಿರು ಎಳೆದುಕೊಳ್ಳುವುದು, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುವುದು, ತಡವರಿಸಿದಾಗ “ಮ್ಹಣಜೇ, ಮ್ಹಣಜೇ” ಎಂದು ಕೊಂಡಿ ಹಾಕುವುದು, ಎಲ್ಲ ಇತ್ತು. ಮ್ಹಣಜೇ ಎಂದರೆ ನಮ್ಮ ‘ಅಂದರೆ’. “ಮ್ಹಣಜೇ ಸರ್, ನನ್ನ ನಕ್ಷತ್ರ ಬಹಳ ಲಾಜರಿ. ಗಂಡ ಎದುರಿಗೆ ಬಂದ ಕೂಡಲೇ ಒಳಗೆ ಓಡಿಹೋಗುತ್ತದೆ.” ಲಾಜರಿ ಎಂದರೆ ನಾಚಿಕೆಯ ಹುಡುಗಿ. ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನನ್ನ ಮರಾಠಿಯಲ್ಲಿ ಆವತ್ತು ಒಂದು ತಪ್ಪೂ ಇರಲಿಲ್ಲ ಎಂದು ದೊಡ್ಡ ಸರ್ ಬೆನ್ನು ತಟ್ಟಿದರು. ಅದು ನಿಜ. ಕಲಿಸಿದವಳು ಚೆನ್ನಾಗಿ ಕಲಿಸಿದ್ದಳು.

ತಟ್ಟೆಗಳನ್ನು ಯಾರು ಎಷ್ಟು ಹೊತ್ತು ಎತ್ತ ತಿರುಗಿಸಬೇಕು ಎಂದು ತೀರ್ಮಾನಿಸಲು ಆಗಾಗ ಸಭೆ ಸೇರುತ್ತಿತ್ತು. ಮುಂದಿನ ಸಭೆಯಲ್ಲಿ ನಂದಕ್ಕ ತನ್ನ ಗುಚ್ಛಕ್ಕೆ ಇನ್ನೊಂದಿಷ್ಟು ಹೊತ್ತು ಕೇಳಲು ಎದ್ದು ನಿಂತಳು. ಮಾತಿಗೆ ಮೊದಲು ಉಸಿರು ಎಳೆದುಕೊಂಡಳು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ದುಪಟ್ಟಾದ ತುದಿಗೆ ಬೆರಳು ಹೋಯಿತು. ಇನ್ನಿಬ್ಬರು ನಗು ಮುಚ್ಚಲು ತಲೆ ತಗ್ಗಿಸಿದರು. “ಮ್ಹಣಜೇ” ಎಂದದ್ದೇ ತಡ, ಕೋಣೆ ಪೂರ್ತಿ ಮುಗುಳ್ನಗುತ್ತಿತ್ತು. ದೊಡ್ಡ ಸರ್ ಕೆಟ್ಟವರಲ್ಲ, ಪ್ರೀತಿಯಿಂದಲೇ ಕೇಳಿದರು, ಏನಮ್ಮ, ನಿನ್ನ ಲಾಜರಿಗೆ ಇನ್ನೂ ಗಂಡನ ಭಯ ಹೋಗಲಿಲ್ಲವೇ ಎಂದು. ಅವಳು ನನ್ನ ಕಡೆ ನೋಡಲಿಲ್ಲ. ಯಾರು ಎಂದು ಕೇಳುವ ಅಗತ್ಯವೂ ಇರಲಿಲ್ಲ. ಅಲ್ಲಿ ಬೇರೆಯವರ ದನಿ ತೆಗೆಯುವವನು ಒಬ್ಬನೇ. ಆ ಸಲದ ಹೊತ್ತು ಬೇರೊಂದು ಗುಚ್ಛಕ್ಕೆ ಹೋಯಿತು. ಅದರ ಮುಂದಿನ ಸಲವೂ.

ಅವಳು ನನ್ನ ಜೊತೆ ಕನ್ನಡ ಮಾತಾಡುವುದು ನಿಲ್ಲಿಸಿದಳು. ಜಗಳವಾಡಲಿಲ್ಲ. ಎದುರಾದಾಗ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಎನ್ನುತ್ತಿದ್ದಳು, ಬ್ಯಾಂಕಿನವರಿಗೆ ಅಂದಂತೆ. ಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಒಂದು ದಿನ ಸ್ಟವ್ ಹಚ್ಚುವಾಗ ಬೆರಳು ಸುಟ್ಟುಕೊಂಡು, ಬೈಗುಳ ಬಾಯಿಗೆ ಮರಾಠಿಯಲ್ಲಿ ಬಂತು. ಕನ್ನಡದಲ್ಲಿ ಬೈದು ಎಷ್ಟು ದಿನವಾಯಿತು ಎಂದು ಆಗ ಹೊಳೆಯಿತು.

ವಿದ್ಯಾರ್ಥಿವೇತನ ಮುಗಿದ ತಿಂಗಳೇ ಅವಳು ಹೊರಟಳು. ಪ್ರಬಂಧ ಮುಗಿದಿರಲಿಲ್ಲ. ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಬೀಳ್ಕೊಡುಗೆಯ ಚಹಾದಲ್ಲಿ ಜನ ಎಂದಿನಂತೆ ನನ್ನನ್ನು ಏನಾದರೂ ಮಾಡು ಎಂದು ಒತ್ತಾಯಿಸಿದರು. ಗಂಟಲು ನೋವು ಎಂದೆ. ನಾನು ಅಲ್ಲಿ ಹೇಳಿದ ಸುಳ್ಳುಗಳಲ್ಲಿ ಸ್ವಲ್ಪ ಮರ್ಯಾದೆಯುಳ್ಳದ್ದು ಅದೊಂದೇ.

ವರ್ಷ ತಿರುಗುವ ಮೊದಲು ಸುದ್ದಿ ಬಂತು. ದೂರ ದೇಶದ, ನಮ್ಮದಕ್ಕಿಂತ ದೊಡ್ಡ ತಟ್ಟೆಯಿರುವ ಇನ್ನೊಂದು ಗುಂಪಿನವರು ಅದೇ ಗುಚ್ಛದಲ್ಲಿ ಹೊಸ ಪಲ್ಸಾರ್ ಕಂಡಿದ್ದರು. ಅದಕ್ಕೊಂದು ಜೊತೆ ನಕ್ಷತ್ರ. ಜೊತೆಯವನು ಎದುರು ಬಂದಾಗ ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು ಮರೆಯಾಗಿ, ಮತ್ತೆ ಕೇಳಿಸುತ್ತದೆ. ತಿರುಗುವ ವೇಗ ನಮ್ಮ ಗುಮಾನಿಯದ್ದೇ. ದೊಡ್ಡ ಸರ್ ಅದನ್ನು ಸಭೆಯಲ್ಲಿ ಓದಿ ಹೇಳಿ, ಅರೆ, ಇವಳು ನಮ್ಮ ಲಾಜರಿಯೇ ಅಲ್ಲವೇ ಎಂದರು. ಕೋಣೆಯಲ್ಲಿ ನಗು ಎದ್ದಿತು. ನಾನೂ ನಕ್ಕೆ. ಈ ಸಲ ತಡವಾಗಿ ನಗಲಿಲ್ಲ, ಎಲ್ಲರ ಜೊತೆಗೇ ನಕ್ಕೆ. ಅಷ್ಟರ ಮಟ್ಟಿಗೆ ಅವರವನಾಗಿದ್ದೆ. ಆ ವರ್ಷ ನನ್ನ ಕರಾರು ಮುಂದುವರಿಯಿತು. ನನ್ನಿಂದ ಗುಂಪಿನ ವಾತಾವರಣ ಹಸನಾಗಿರುತ್ತದೆ ಎಂದು ದೊಡ್ಡ ಸರ್ ಶಿಫಾರಸು ಬರೆದರು. ನಕ್ಷತ್ರ ಕಂಡವಳು ಹೋದಳು, ಕಸಕ್ಕೆ ಹಾಕಿದವನು ಉಳಿದೆ. ಯಾರಿಗೂ ಇದರಲ್ಲಿ ವಿಚಿತ್ರ ಕಾಣಲಿಲ್ಲ.

ರಜೆ ಹಾಕಿ ಊರಿಗೆ ಬಂದೆ. ಚಿಕ್ಕಣ್ಣ ಮಾವ ಅಟ್ಟದಲ್ಲಿ ಕೂತು ಕಾಯಿ ಅಲ್ಲಾಡಿಸುತ್ತಿದ್ದ. ಎಲ್ಲ ಹೇಳಿಕೊಂಡೆ, ನಿನ್ನ ಮಾತು ನಂಬಿ ಹಿಂಗಾಯ್ತು ನೋಡು ಎಂದು ತಪ್ಪನ್ನು ಅವನ ಹೆಗಲಿಗೆ ದಾಟಿಸಲು ನೋಡಿದೆ. ಅವನು ಕೈಯಲ್ಲಿದ್ದ ಕಾಯಿ ಇಳಿಸಲೂ ಇಲ್ಲ. “ಲೇ ಮಂಕೆ, ನಾನೇಳಿದ್ದು ಕಾಯಿಗೆ ಕಣ್ಲಾ. ಮೇಲಿರೋದನ್ನ ಯಾವನು ಅಟ್ಟಕ್ಕಾಕಿ ಒಣಗ್ಸವ್ನೆ? ಆ ಯಮ್ಮ ಇನ್ನೊಂದ್ಸಲ ಕೇಳಾನ ಅಂದ್ಲಲ್ಲ, ಕೇಳೋಕೆ ನಿಂಗೇನ್ಲಾ ದಾಡಿ ಬಂದಿತ್ತು?” ಎಂದ. ನಾನು ಕಂಡಕ್ಟರನ ದನಿ ತೆಗೆದೆ. ಮಾವ ನಗಲಿಲ್ಲ. “ಬುಡು, ಬುಡು” ಎಂದು ಮುಂದಿನ ಕಾಯಿ ಎತ್ತಿಕೊಂಡ.

ಹಟ್ಟಿಯಲ್ಲಿ ಮಿಕ್ಕವರು ಮರಾಠಿಯವರ ಹಾಗೆ ಮಾತಾಡಿ ತೋರಿಸು ಎಂದು ಸುತ್ತ ಕೂತರು. ತೋರಿಸಿದೆ. ಉರುಳಾಡಿ ನಕ್ಕರು. ಅಲ್ಲಿ ತಿಪಟೂರಿನವರ ಹಾಗೆ ಮಾತಾಡಿ ತೋರಿಸುತ್ತೇನೆ, ಅಲ್ಲಿಯವರೂ ಉರುಳಾಡುತ್ತಾರೆ. ನೀರು ಕೊಡಲು ಬಂದ ತಂಗಿ ಮಾತ್ರ, “ಅಣ್ಣಾ, ನೀನು ಹೂಂ ಅನ್ನೋ ಕಡೆ ಹೋ ಅಂತೀಯ, ಗೊತ್ತಾ?” ಎಂದಳು. ಹೋ ಎಂದರೆ ಮರಾಠಿಯ ಹೂಂ. ಗೊತ್ತಿರಲಿಲ್ಲ. ಊರಿನಲ್ಲಿ ನಾನು ಅವರ ಅಣಕ, ಅವರಲ್ಲಿ ನಾನು ಊರಿನ ಅಣಕ. ಯಾರೂ ಇಲ್ಲದಾಗ ನನ್ನ ಬಾಯಲ್ಲಿ ಯಾವ ದನಿ ಇರುತ್ತದೆ ಎಂದು ಪರೀಕ್ಷಿಸಲು ಒಂದು ಮಧ್ಯಾಹ್ನ ಕೆರೆ ಏರಿಯ ಮೇಲೆ ಒಬ್ಬನೇ ಹೋಗಿ ನಿಂತೆ. ಏನು ಮಾತಾಡಬೇಕೆಂದು ತೋಚದೆ ವಾಪಸು ಬಂದೆ.

ಮರಳುವಾಗ ಸೊಲ್ಲಾಪುರದಲ್ಲಿ ಇಳಿದೆ. ನನ್ನ ಎರಡು ಊರುಗಳ ನಡುವೆ ಬರುವ ಊರು ಅದು. ಸ್ಟೇಷನ್ನಿನ ಬೋರ್ಡು ಮರಾಠಿ, ಚಹಾ ಮಾರುವವನ ಕೂಗು ಮರಾಠಿ, ಚಿಲ್ಲರೆ ಇಲ್ಲ ಎಂದಾಗ ಅವನು ಗೊಣಗಿದ್ದು ಅಚ್ಚ ಕನ್ನಡ. ಇಲ್ಲಿಯವರು ಹೀಗೆ ಎರಡರಲ್ಲೂ ಬದುಕುತ್ತಾರೆ, ಯಾವುದನ್ನೂ ಅಣಕಿಸದೆ. ನಾನು ಎರಡನ್ನೂ ಅಣಕಿಸುತ್ತೇನೆ, ಯಾವುದರಲ್ಲೂ ಬದುಕಲಾರೆ. ಇದನ್ನು ಯೋಚಿಸುತ್ತ ಕಾಲೇಜು ಹುಡುಕಿಕೊಂಡು ಹೋದೆ.

ನಂದಕ್ಕ ಪ್ರಯೋಗಶಾಲೆಯಲ್ಲಿ ಒಬ್ಬಳೇ ಕೂತು ಲೆನ್ಸುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ನನ್ನನ್ನು ಕಂಡು ಎದ್ದಳು, ಸ್ಟೂಲು ಸರಿಸಿದಳು, ಊಟ ಆಯಿತೇ ಎಂದು ಕೇಳಿದಳು. ಕನ್ನಡದಲ್ಲೇ ಕೇಳಿದಳು. ಅಷ್ಟಕ್ಕೇ ನನಗೆ ಧೈರ್ಯ ಬಂತು. ಸುದ್ದಿ ಗೊತ್ತಾಯಿತೇ ಎಂದೆ. ಗೊತ್ತು ಎಂದಳು, ಅವರ ಪ್ರಬಂಧ ತರಿಸಿ ಓದಿದ್ದಳಂತೆ, ಚೆನ್ನಾಗಿ ಬರೆದಿದ್ದಾರೆ ಎಂದಳು. ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಸಿಟ್ಟಿದ್ದಿದ್ದರೆ ನಗಿಸಿ ಇಳಿಸುತ್ತಿದ್ದೆ, ಆ ವಿದ್ಯೆ ನನಗೆ ಬರುತ್ತದೆ.

ನಾನು ದಾರಿಯುದ್ದಕ್ಕೂ ಕ್ಷಮೆಯ ಮಾತನ್ನು ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆದಾಗ ಬಂದದ್ದು ಬೇರೆ. ಪೂರ್ತಿ ಹೊರೆ ಹೊರಲಾರದವನು ಅರ್ಧವನ್ನು ಅವಳ ಕಡೆಗೇ ನೂಕಿದೆ. “ನಂದಕ್ಕ, ನಾನೇನು ಮಹಾ, ಮೊದಲ ಸುತ್ತು ಆರಿಸೋನು. ನನ್ನ ದಾಟಿ ನೀನೇ ನೇರವಾಗಿ ದೊಡ್ಡ ಸರ್ ಹತ್ರ ಹೋಗಿ ಬಿಡಿಸಿ ಹೇಳಬಹುದಿತ್ತಲ್ಲ” ಎಂದೆ.

ಅವಳು ಒರೆಸುತ್ತಿದ್ದ ಲೆನ್ಸನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

“ಹೋಗಿದ್ದೆನಲ್ಲೋ ತಮ್ಮಾ. ನಾ ಬಾಯಿ ತಗದಾಗೆಲ್ಲ ಅವ್ರಿಗೆ ಕೇಳಿಸಿದ್ದು ನಿನ್ನ ದನಿ.”